ಬೈರಯ್ಯನ ಚಿರತೆ ಮತ್ತು ಶಾಂತರಾಜಯ್ಯನವರ ತಂಪು ಕಾರು

ಅರಕಲಗೂಡಿನಲ್ಲಿ ಬೈರಯ್ಯ ಒಂದು ಕಾರಿಗೆ ಹೊಸ ಏರ್‌ಕಂಡೀಷನ್ ಹಾಕಿದ. ಒಬ್ಬನೇ ಹಾಕಿದ. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಹಾಕಿ ಮುಗಿಸಿದ, ಕಾಫಿ ಇನ್ನೂ ಬಿಸಿಯಾಗಿತ್ತು. ಆಮೇಲೆ ಅದೇ ಕಾರನ್ನು ಹೊಳೆನರಸೀಪುರದ ಸೇತುವೆಯ ಮೇಲೆ ನಿಲ್ಲಿಸಿ ಕಿಟಕಿಯ ಗಾಜನ್ನು ನಾಲ್ಕು ಬೆರಳು ಇಳಿಸಿದ. ಒಳಗಿನ ತಂಪು ಹೊರಗೆ ಚೆಲ್ಲಿತು. ಕೆಳಗೆ ಹೇಮಾವತಿ ಈ ದಡದಿಂದ ಆ ದಡದವರೆಗೆ ಹೆಪ್ಪುಗಟ್ಟಿ ಕಲ್ಲಾಯಿತು. ಮೂರು ದಿನ ಜನ ಸೇತುವೆ ಬಿಟ್ಟು ಹೊಳೆಯ ಮೇಲೆಯೇ ಎತ್ತಿನ ಗಾಡಿ ಹೊಡೆದರು. ಮೀನು ಬೇಕಾದವರು ಕೊಡಲಿ ತಂದು ಕಡಿದುಕೊಂಡು ಹೋದರು. ಅದು ಮೇ ತಿಂಗಳು.

ಇಷ್ಟನ್ನೂ ಹೇಳುತ್ತಿದ್ದವನು ದುದ್ದದ ಬೈರಯ್ಯನೇ. ಅವನ ಬಲಗೈ ಮೇಲೆ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಬೆಳ್ಳಗೆ ಹೊಳೆಯುವ ಒಂದು ಕಲೆ ಇತ್ತು. ಎಡ ಹುಬ್ಬಿನಲ್ಲಿ ಹುರುಳಿಕಾಳಿನಷ್ಟು ಜಾಗದಲ್ಲಿ ಕೂದಲಿರಲಿಲ್ಲ. ಕೇಳಿದವರಿಗೆ ಅದಕ್ಕೂ ಕಥೆ ಸಿದ್ಧ. ಹೊಳೆ ಹೆಪ್ಪುಗಟ್ಟಿದ ದಿನ ಒಂದು ಚಿರತೆ ಚಳಿಗೆ ಗಡಗಡ ನಡುಗುತ್ತಾ ರಸ್ತೆಗೆ ಬಂತಂತೆ. ಪಾಪ ಅಂತ ಬೈರಯ್ಯ ಕಂಬಳಿ ಹೊದಿಸಲು ಹೋದನಂತೆ. ಉಪಕಾರ ಸ್ಮರಣೆ ಇಲ್ಲದ ಪ್ರಾಣಿ, ಪರಚಿಬಿಟ್ಟಿತಂತೆ.

ಈ ಕಥೆಯ ಬಲದ ಮೇಲೆಯೇ ಅವನಿಗೆ ಕೆಲಸ ಸಿಕ್ಕಿದ್ದು. ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಶಾಂತರಾಜಯ್ಯನವರು ಮೈಸೂರಿನ ಹರಾಜಿನಲ್ಲಿ ಒಂದು ಅಮೇರಿಕದ ಕಾರು ಕೊಂಡಿದ್ದರು. ಅದು ಎಷ್ಟು ಉದ್ದವೆಂದರೆ, ಮುಂದಿನ ಚಕ್ರ ಬಾಗೂರು ರಸ್ತೆಗೆ ತಿರುಗಿ ಅರ್ಧ ಗಂಟೆಯಾದ ಮೇಲೆ ಹಿಂದಿನ ಚಕ್ರ ಬಸ್ ಸ್ಟ್ಯಾಂಡು ಬಿಡುತ್ತಿತ್ತು. ಅದರ ಡಿಕ್ಕಿಯಲ್ಲಿ ಒಂದು ತಂಪು ಪೆಟ್ಟಿಗೆ. ಇಂಜಿನ್ನಿನ ಪಕ್ಕದಲ್ಲಿ ಒಂದು ಪಂಪು. ಎರಡನ್ನೂ ಕೂಡಿಸಲು ಕಾರಿನ ಹೊಟ್ಟೆಯ ಕೆಳಗೆ ಎರಡು ಕೊಳವೆ, ಕೊಳವೆಯೊಳಗೆ ಗ್ಯಾಸು. ಅಂಥ ಕಾರನ್ನು ನೋಡಿಕೊಳ್ಳಲು ಹೊಳೆ ಹೆಪ್ಪುಗಟ್ಟಿಸಿದವನಿಗಿಂತ ಬೇರೆ ಯಾರು ಬೇಕು? ಡ್ರೈವರೂ ಅವನೇ, ಮೆಕ್ಯಾನಿಕ್ಕೂ ಅವನೇ ಆದ. ಮನೆಯ ಹಿಂದೆ ಇರಲು ಒಂದು ಕೋಣೆಯೂ ಸಿಕ್ಕಿತು. ನಾಲ್ಕು ವರ್ಷ ಸುಖವಾಗಿ ಕಳೆಯಿತು.

೧೯೬೪ರ ಯುಗಾದಿ ಕಳೆದ ಮೇಲೆ ಒಂದು ದಿನ ಕಾರು ತಂಪು ಕೊಡುವುದನ್ನು ನಿಲ್ಲಿಸಿತು.

ಬೇರೆ ವರ್ಷವಾಗಿದ್ದರೆ ಶಾಂತರಾಜಯ್ಯನವರು ಕಿಟಕಿ ಇಳಿಸಿಕೊಂಡು ಓಡಾಡುತ್ತಿದ್ದರು. ಆದರೆ ಆ ವರ್ಷ ಸೊಸೆ ರಾಜೀಮತಿಗೆ ಏಳು ತಿಂಗಳು. ಚೊಚ್ಚಲು ಹೆರಿಗೆಗೆ ತವರಿಗೆ, ಅಂದರೆ ಅರಕಲಗೂಡಿಗೆ ಹೋಗಬೇಕು. ಹಿಂದಿನ ತಿಂಗಳು, ಮಾವ ಕಾರು ಒಯ್ದಿದ್ದಾಗ, ಬಸ್ಸಿನಲ್ಲಿ ಹೋಗಿ ಬರುವಾಗ ಸೆಕೆಗೆ ತಲೆ ಸುತ್ತಿ ಹೊಳೆನರಸೀಪುರದಲ್ಲಿ ಬಿದ್ದಿದ್ದಳು. ಹಾಗಾಗಿ ಗಂಡ ಧನ್ಯಕುಮಾರ್ ಬೆಂಗಳೂರಿನ ಗುಜರಿಯಲ್ಲಿ ಹುಡುಕಿ, ಅದೇ ಜಾತಿಯ ಇನ್ನೊಂದು ಕಾರಿನಿಂದ ಬಿಚ್ಚಿದ ತಂಪು ಪೆಟ್ಟಿಗೆ, ಪಂಪು, ಕೊಳವೆ ಎಲ್ಲವನ್ನೂ ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಲಾರಿಗೆ ಹಾಕಿಸಿ ತಂದ.

"ತಗೋ ಬೈರಯ್ಯ," ಅಂದ. "ಒಲೆ ಮೇಲೆ ಕಾಫಿ ಇಡಿಸ್ಲಾ?"

ಬೈರಯ್ಯನ ಬಲಗೈ ತಾನಾಗಿ ಜೇಬಿಗೆ ಹೋಯಿತು.

"ಇವತ್ತು ಅಮಾಸೆ ಕಣ್ ಚಿಕ್ಕ ಸಾವ್ಕಾರ್ರೇ. ಅಮಾಸೇಲಿ ತಂಪಿನ್ ಕೆಲ್ಸ ಮುಟ್ಟಬಾರ್ದು."

ಅಮಾವಾಸ್ಯೆ ಕಳೆಯಿತು. ಮಾರನೆಯ ದಿನ ಸ್ಪ್ಯಾನರು ಅಳತೆಯದ್ದಲ್ಲ. ಅದರ ಮಾರನೆಯ ದಿನ ಗಾಳಿ ಮೂಡಲಿಂದ ಬೀಸುತ್ತಿತ್ತು. ನಾಲ್ಕನೆಯ ದಿನ ಬೈರಯ್ಯನಿಗೆ ಹಲ್ಲುನೋವು ಬಂತು. ಅಂಥ ಹಲ್ಲುನೋವು ಮೈಸೂರು ಸೀಮೆಯಲ್ಲಿ ಹಿಂದೆ ಯಾರಿಗೂ ಬಂದಿರಲಿಲ್ಲ, ಅವನ ನರಳಾಟ ಕೇಳಿ ಮೂರು ಬೀದಿಯ ನಾಯಿಗಳು ಎದ್ದು ಹೋದವು. ಒಂದೊಂದು ನೆಪದ ಜೊತೆಗೂ ಅರಕಲಗೂಡಿನ ಕಥೆ ಒಂದು ಮೊಳ ಉದ್ದವಾಯಿತು, ಯಾಕೆಂದರೆ ಹೆದರಿಕೆಯನ್ನು ಮುಚ್ಚಲು ಅವನ ಹತ್ತಿರ ಬೇರೆ ಬಟ್ಟೆ ಇರಲಿಲ್ಲ.

ಐದನೆಯ ದಿನ ಬೆಳಗ್ಗೆ ಧನ್ಯಕುಮಾರನ ತಾಳ್ಮೆ ಮುಗಿಯಿತು.

"ನೀನು ಹಲ್ಲು ಹಿಡ್ಕೊಂಡು ಕೂತ್ಕೊ ಬೈರಯ್ಯ. ನಾನೇ ಬಿಚ್ತೀನಿ. ನೀನು ಕಾಫಿ ಕುಡಿಯೋ ಅಷ್ಟರಲ್ಲಿ ಮಾಡಿದ್ದನ್ನ ನಾನು ಸಾಯಂಕಾಲದ ಊಟದೊಳಗೆ ಮಾಡ್ತೀನಿ."

"ಒಳಗೆ ಗ್ಯಾಸು ಇರ್ತದೆ..." ಅಂದ ಬೈರಯ್ಯ, ಮೆಲ್ಲಗೆ.

"ತಂಪೇ ಬರ್ತಿಲ್ಲ, ಗ್ಯಾಸು ಎಲ್ಲಿಂದ ಬಂತು?"

"ಇದೆಯೋ ಇಲ್ಲವೋ ನೋಡೇ ಬಿಡೋಣ," ಎಂದು ಶಾಂತರಾಜಯ್ಯನವರು ಪಂಚೆ ಎತ್ತಿ ಕಟ್ಟಿದರು.

ಅವರು ನಲವತ್ತು ವರ್ಷದಿಂದ ಕೊಬ್ಬರಿ ವ್ಯಾಪಾರ ಮಾಡಿದವರು. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗುವ ಕಾಯಿಯನ್ನು ಒಡೆಯದೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಹೇಳುತ್ತಿದ್ದರು. ಕುಲುಕ್ ಅಂದರೆ ಒಳಗೆ ನೀರಿದೆ, ಇನ್ನೂ ಕಾಯಬೇಕು. ಕುಲುಕ್ ಅನ್ನದಿದ್ದರೆ ನೀರು ಇಂಗಿದೆ. ನಾಲ್ಕು ತಾಲ್ಲೂಕಿನಲ್ಲಿ ಆ ಕಿವಿಗೆ ಮರ್ಯಾದೆ ಇತ್ತು. ಕುಡಿಯುವ ನೀರಿನಂತೆ ರೇಡಿಯೇಟರಿಗೆ ಹಾಕುವ ನೀರನ್ನೂ ಬಟ್ಟೆಯಲ್ಲಿ ಸೋಸುವಷ್ಟು ಜಾಗರೂಕ ಮನುಷ್ಯರು. ಅಂಥವರು ಡಿಕ್ಕಿಯೊಳಗೆ ತಲೆ ಹಾಕಿ ಕೊಳವೆಗೆ ಕಿವಿ ಇಟ್ಟು, "ಅಲ್ಲಾಡ್ಸಿ" ಅಂದರು.

ಕೊಬ್ಬರಿ ಸುಲಿಯುವ ನಾಲ್ಕು ಜನ ಬಂದು ಆ ಬೃಹತ್ ಕಾರನ್ನು ಎರಡೂ ಕಡೆಯಿಂದ ಹಿಡಿದು ತೆಂಗಿನಕಾಯಿಯಂತೆ ಅಲ್ಲಾಡಿಸಿದರು. ಕಾರು ತೊಟ್ಟಿಲಿನ ಹಾಗೆ ತೂಗಿತು. ಸೀಟಿನ ಸಂದಿಯಿಂದ ಹಿಂದಿನ ಧಣಿಗಳು ಕಳೆದುಕೊಂಡ ಒಂದು ಬಾಚಣಿಗೆ ಬಿತ್ತು. ಶಾಂತರಾಜಯ್ಯನವರ ಪೇಟ ಬಿತ್ತು.

"ಕುಲುಕ್ ಅನ್ನಲ್ಲ," ಎಂದು ಅವರು ತೀರ್ಪು ಕೊಟ್ಟರು. "ಗ್ಯಾಸು ಇಂಗಿದೆ. ಬಿಚ್ಚಪ್ಪ."

ಕಾರು ನಿಂತಿದ್ದುದು ಕೊಬ್ಬರಿ ಅಟ್ಟದ ಕೆಳಗಿನ ಕೊಟ್ಟಿಗೆಯಲ್ಲಿ. ಹೊಸ ಪೆಟ್ಟಿಗೆಯ ತಂಪು ಬೀದಿಪಾಲಾಗದಿರಲಿ ಎಂದು ಶಾಂತರಾಜಯ್ಯನವರು ಬಾಗಿಲು ಮುಚ್ಚಿಸಿದರು. ಇದ್ದ ಒಂದು ಕಿಟಕಿಗೂ ಗೋಣಿಚೀಲ ತುರುಕಿಸಿದರು. ಕತ್ತಲಾಯಿತು ಎಂದು ಒಬ್ಬ ಲಾಟೀನು ಹಚ್ಚಿ ತಂದಿಟ್ಟ. ಧನ್ಯಕುಮಾರ್ ಡಿಕ್ಕಿಯೊಳಗೆ ಬಾಗಿ ಸ್ಪ್ಯಾನರನ್ನು ನಟ್ಟಿಗೆ ಕೂರಿಸಿದ. ಅವನ ಮುಖಕ್ಕೂ ಆ ನಟ್ಟಿಗೂ ಒಂದು ಗೇಣು ಅಂತರ. ಕನ್ನಡಕ ಇಲ್ಲ, ಕೈಗೆ ಬಟ್ಟೆ ಇಲ್ಲ.

ಬೈರಯ್ಯ ಮೂಲೆಯಲ್ಲಿ ನಿಂತು ಆ ಗೇಣನ್ನು ನೋಡಿದ. ಅವನಿಗೆ ಹಲ್ಲುನೋವು ಹೋಗಿ ಕೈ ಉರಿಯತೊಡಗಿತು. ಮಾತಾಡಿದರೆ ಕಥೆ ಹೋಗುತ್ತದೆ, ಕಥೆ ಹೋದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆಗೆ ಕೋಣೆಯೂ ಹೋಗುತ್ತದೆ. ಮಾತಾಡದಿದ್ದರೆ?

ಅಷ್ಟರಲ್ಲಿ ಬಾಗಿಲು ತೆರೆದು ಬೆಳಕು ಬಂತು. ರಾಜೀಮತಿಯ ಜೊತೆಗೆ ನಿಂತಿದ್ದವಳು ಜ್ವಾಲಾಮಾಲಿನಿ. ಶಾಂತರಾಜಯ್ಯನವರ ತಂಗಿಯ ಮಗಳು, ಹೊಳೆನರಸೀಪುರದ ಆಸ್ಪತ್ರೆಯಲ್ಲಿ ನರ್ಸು. ದಾರಿಯಲ್ಲಿ ರಾಜೀಮತಿಯ ಜೊತೆಗಿರಲು ಆಗತಾನೇ ಬಸ್ಸಿಳಿದು ಬಂದಿದ್ದಳು. ನಾಲ್ಕು ವರ್ಷದಿಂದ ಅವಳು ಈ ಮನೆಗೆ ಬಂದಾಗಲೆಲ್ಲ ಬೈರಯ್ಯ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕಾರು ತೊಳೆಯಲು ಹೋಗುತ್ತಿದ್ದ. ಒಂದೇ ಕೈಯಲ್ಲಿ ಇಡೀ ಕಾರು ತೊಳೆಯುವುದನ್ನು ಕಲಿತಿದ್ದ. ಇವತ್ತು ಕೈ ಬಚ್ಚಿಡಲು ಮರೆತ.

ಅವಳು ಕೈ ನೋಡಿದಳು, ಹುಬ್ಬು ನೋಡಿದಳು, ಡಿಕ್ಕಿಯೊಳಗೆ ಬಾಗಿದ ಧನ್ಯಕುಮಾರನನ್ನು ನೋಡಿದಳು.

"ಭಾವ, ಒಂದು ನಿಮಿಷ ಸ್ಪ್ಯಾನರ್ ಬಿಡು," ಅಂದಳು. ಆಮೇಲೆ ಬೈರಯ್ಯನ ಕಡೆ ತಿರುಗಿದಳು. "ಕೈ ವಾಸಿಯಾಯ್ತಾ?"

"ಅದು ಚಿರತೆ ಪರಚಿದ್ದು," ಎಂದು ಧನ್ಯಕುಮಾರ್ ಒಳಗಿನಿಂದಲೇ ಹೇಳಿದ. "ಕಂಬಳಿ ಹೊದಿಸೋಕೆ ಹೋಗಿ."

"ಹೌದಾ. ನಾನು ಆಸ್ಪತ್ರೇಲಿ ಬೇಕಾದಷ್ಟು ಗಾಯಕ್ಕೆ ಬಟ್ಟೆ ಕಟ್ಟಿದೀನಿ. ಚಿರತೆ ಪರಚಿದರೆ ಗೆರೆ ಬೀಳತ್ತೆ, ಹೀಗೆ ಹಾಳೆ ಹಾಳೆ ಬೆಳ್ಳಗಾಗಲ್ಲ." ಅವಳ ದನಿ ಗಟ್ಟಿಯಾಗಲಿಲ್ಲ. "ರೋಗಿ ಗುಟ್ಟು ನಾನು ಹೊರಗೆ ಹಾಕೋಳಲ್ಲ ಬೈರಯ್ಯ. ಆದರೆ ಇನ್ನೊಬ್ಬರ ಕಣ್ಣು ಹೋಗೋ ಹಾಗಿದ್ರೆ ಸುಮ್ನಿರೋಕೂ ಆಗಲ್ಲ. ನೀವೇ ಹೇಳಿ."

ಬೈರಯ್ಯ ಮೊದಲು ಹೋಗಿ ಆ ಲಾಟೀನನ್ನು ಊದಿ ಆರಿಸಿದ. ಆಮೇಲೆ ಧನ್ಯಕುಮಾರನ ಸೊಂಟ ಹಿಡಿದು ಡಿಕ್ಕಿಯಿಂದ ಹೊರಕ್ಕೆಳೆದ. ಆಮೇಲೆ ಹೇಳಿದ.

"ಚಿರ್ತೆ ಇಲ್ಲ ಸಾವ್ಕಾರ್ರೇ. ಚಿರ್ತೇನ ನಾನು ನೋಡಿದ್ದೇ ಇಲ್ಲ. ಅರಕಲಗೂಡಲ್ಲಿ ಒಬ್ರು ಧಣೀರ ಕಾರು ನಿಂತಿತ್ತು, ಇಂಗೇ ತಂಪು ಬರ್ತಿರ್ನಿಲ್ಲ. ಗ್ಯಾಸು ಖಾಲಿ ಅಂತ ನಾನೂ ಅನ್ಕೊಂಡೆ. ನಟ್ಟು ಅರ್ಧ ಸುತ್ತು ತಿರುಗ್ಸಿದೆ, ಅಷ್ಟೇಯ. ಸುಯ್ ಅಂತ ಕೈ ಮ್ಯಾಲೆ ಬಂತು. ಕೈ ಬೆಳ್ಳಗೆ ಮರದ್ ಕೊರಡಾದಂಗಾತು. ಮೊದ್ಲು ನೋವೇ ಇಲ್ಲ. ಕೊರಡಿಗೆ ಏನು ನೋವು. ಅಲ್ಲಿದ್ದೋರು ಚಳಿ ಬಿಡ್ಸೋಕೆ ಅಂತ ಕೈನ ಕೆಂಡದ ಮ್ಯಾಲೆ ಹಿಡುದ್ರು, ತಿಕ್ಕಿದ್ರು. ಆಗ ಸುಲೀತು ನೋಡಿ ಚರ್ಮ, ಎಳನೀರು ಗಂಜಿ ಎದ್ದಂಗೆ. ಹೊಳೆನರಸೀಪುರದ ಆಸ್ಪತ್ರೇಲಿ ಬಟ್ಟೆ ಕಟ್ಟಿದ್ದು ಈ ಅವ್ವಾರೇಯ."

"ಹುಬ್ಬು?" ಎಂದಳು ರಾಜೀಮತಿ.

"ಒಂದು ತೊಟ್ಟು ಅಲ್ಲಿಗೆ ಸಿಡಿದಿತ್ತು ಕಣವ್ವ. ಒಂದು ಬೆರಳು ಕೆಳಗೆ ಸಿಡಿದಿದ್ರೆ ಇವತ್ತು ನಿಮ್ಮನ್ನ ಒಂದೇ ಕಣ್ಣಲ್ಲಿ ನೋಡ್ತಿದ್ದೆ."

ರಾಜೀಮತಿ ಗಂಡನ ಕೈಯಿಂದ ಸ್ಪ್ಯಾನರು ತೆಗೆದುಕೊಂಡು ಸೆರಗಿನಲ್ಲಿ ಸುತ್ತಿಟ್ಟುಕೊಂಡಳು.

ಆದರೆ ಶಾಂತರಾಜಯ್ಯನವರ ಅನುಮಾನ ಇನ್ನೂ ಮುಗಿದಿರಲಿಲ್ಲ. ನಲವತ್ತು ವರ್ಷದ ಕಿವಿ, ಅಷ್ಟು ಸುಲಭಕ್ಕೆ ಸೋಲುತ್ತದೆಯೇ?

"ಅಲ್ವಮ್ಮ ಮಾಲಿನಿ, ನಾನೇ ಕೇಳಿದೀನಿ. ಒಳಗೆ ಏನೂ ಕುಲುಕಲಿಲ್ಲ."

"ಮಾವ, ಸೈಕಲ್ ಚಕ್ರ ಅಲ್ಲಾಡ್ಸಿದರೆ ಗಾಳಿ ಕುಲುಕತ್ತಾ?"

ಅವರು ಕೆಳಗೆ ಬಿದ್ದಿದ್ದ ಪೇಟ ಎತ್ತಿ ತಲೆಗೆ ಇಟ್ಟುಕೊಂಡರು.

"ಹಾಸನದ ಐಸ್ ಫ್ಯಾಕ್ಟರಿಯಲ್ಲಿ ಚಿಕ್ಕಯ್ಯ ಅಂತ ಇದಾರೆ," ಎಂದು ಅವಳು ಮುಂದುವರಿಸಿದಳು. "ದಿನಾ ಇಂಥ ಗ್ಯಾಸಿನ ಜೊತೇಲೇ ಕೆಲಸ. ಹತ್ತೂ ಬೆರಳೂ ನೆಟ್ಟಗಿವೆ. ಅವರನ್ನ ಕರೆಸಿ. ರಾಜೀನ ಎರಡು ದಿನ ತಡವಾಗಿ ಕಳಿಸಿದ್ರೆ ತವರು ಎಲ್ಲೂ ಓಡಿಹೋಗಲ್ಲ."

ಮಾರನೆಯ ದಿನ ಚಿಕ್ಕಯ್ಯ ಬಂದ. ಮಾತು ಕಡಿಮೆ, ಚೀಲ ದೊಡ್ಡದು. ಬಂದವನೇ ಕೊಟ್ಟಿಗೆಯ ಬಾಗಿಲು, ಕಿಟಕಿಯ ಗೋಣಿ ನೋಡಿ, "ಇಲ್ಲಿ ಯಾರನ್ನ ಸಾಯಿಸ್ಬೇಕು ಅಂತಿದ್ರಿ?" ಎಂದು ಕೇಳಿದ. ಕಾರನ್ನು ಬಯಲಿಗೆ ತಳ್ಳಿಸಿದ. ಪಕ್ಕದ ಮನೆಯ ಹಂಡೆ ಒಲೆ ಆರಿಸಲು ಹೇಳಿದ. ಬೀಡಿ ಹಚ್ಚಿ ನೋಡಲು ಬಂದಿದ್ದ ಇಬ್ಬರನ್ನು ಬೀದಿಯ ಕೊನೆಗೆ ಕಳಿಸಿದ, ಯಾಕೆಂದರೆ ಈ ಗ್ಯಾಸು ಬೆಂಕಿಗೆ ಸಿಕ್ಕರೆ ವಿಷದ ಹೊಗೆಯಾಗುತ್ತದೆ. ತಾನು ಕಣ್ಣಿಗೆ ದಪ್ಪ ಕನ್ನಡಕ, ಕೈಗೆ ಚರ್ಮದ ಗವಸು ಹಾಕಿಕೊಂಡ. ಕೊಳವೆಗೆ ಒಂದು ಮೀಟರು ಕೂಡಿಸಿದ.

ಮುಳ್ಳು ಎದ್ದು ನಿಂತಿತು.

"ನೋಡಿ ಸಾ," ಅಂದ ಚಿಕ್ಕಯ್ಯ. "ಕಾರಿನ ಚಕ್ರದಲ್ಲಿರೋ ಗಾಳಿಗಿಂತ ಮೂರು ಪಟ್ಟು ಒತ್ತಡ. ಕೆಟ್ಟಿರೋದು ಪಂಪು, ಗ್ಯಾಸು ಅಂಗೇ ಕೂತದೆ."

ಶಾಂತರಾಜಯ್ಯನವರು ಆ ಮುಳ್ಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಬಲಗಿವಿಯನ್ನು ಹಿಡಿದು ಒಂದು ಸಲ ಹಿಂಡಿಕೊಂಡರು.

ಚಿಕ್ಕಯ್ಯ ಗ್ಯಾಸನ್ನು ಸಣ್ಣಗೆ, ಬಹಳ ಹೊತ್ತು ಬಿಟ್ಟ. ಗ್ಯಾಸು ಹೋಗುತ್ತಿದ್ದಂತೆ ಆ ಹಿತ್ತಾಳೆ ನಟ್ಟಿನ ಮೇಲೆ ಬೆಳ್ಳಗೆ ಹಿಮ ಕೂತಿತು. ಚನ್ನರಾಯಪಟ್ಟಣದಲ್ಲಿ, ಮಟಮಟ ಮಧ್ಯಾಹ್ನದಲ್ಲಿ, ರಾಗಿ ಹಿಟ್ಟು ಉದುರಿಸಿದಷ್ಟು ಹಿಮ. ಇಡೀ ಬೀದಿ ಬಾಯಿ ಬಿಟ್ಟುಕೊಂಡು ನೋಡಿತು. ಬೈರಯ್ಯ ಮಾತ್ರ ನೋಡಲಿಲ್ಲ. ಜೀವನದಲ್ಲಿ ಮೊದಲನೆಯ ಸಲ ಅವನಿಗೆ ಒಂದು ಸಂಗತಿಯನ್ನು ದೊಡ್ಡದು ಮಾಡಿ ಹೇಳಬೇಕೆನ್ನಿಸಲಿಲ್ಲ.

ಮೀಟರಿನ ಮುಳ್ಳು ಸೊನ್ನೆಗೆ ಇಳಿದ ಮೇಲೆ ಚಿಕ್ಕಯ್ಯ ಧನ್ಯಕುಮಾರನನ್ನು ಕರೆದು ಕನ್ನಡಕ ಕೊಟ್ಟ. ರಾಜೀಮತಿ ಸೆರಗಿನಿಂದ ಸ್ಪ್ಯಾನರು ತೆಗೆದುಕೊಟ್ಟಳು. ಬಿಚ್ಚಿ ಕೂಡಿಸುವ ಕೆಲಸವೆಲ್ಲ ಮನೆಯವರದೇ. ಹಳೆಯ ಪಂಪು ಇಳಿಸಿದ್ದು ಧನ್ಯಕುಮಾರ್. ಹೊಸ ಕೊಳವೆಯ ಬಾಯಿಗಳನ್ನು ಒರೆಸಿ, ಹಳೆಯ ರಬ್ಬರ್ ಬಳೆ ಎಸೆದು ಹೊಸದು ಕೂರಿಸಿದ್ದು ಬೈರಯ್ಯ. ಚಿಕ್ಕಯ್ಯ ಯಂತ್ರ ಇಟ್ಟು ಒಳಗಿನ ಗಾಳಿ, ತೇವ ಎಲ್ಲ ಎಳೆದು, ಅಳತೆಗೆ ತಕ್ಕಷ್ಟು ಗ್ಯಾಸು ತುಂಬಿದ. ಪ್ರತಿ ಸಂದಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವ ಕೆಲಸ ಶಾಂತರಾಜಯ್ಯನವರಿಗೆ ಬಂತು. "ಕಿವಿ ಬೇಡ ಸಾ, ಕಣ್ಣಲ್ಲಿ ನೋಡಿ," ಎಂದು ಚಿಕ್ಕಯ್ಯ ಎಚ್ಚರಿಸಿದ. ಒಂದು ಲೋಟ ಕಾಫಿಗೆ ಮುಗಿಯುವ ಕೆಲಸ ಎರಡು ಹಗಲು ಹಿಡಿಯಿತು. ಎರಡನೆಯ ದಿನ ಹೊತ್ತು ಮುಳುಗುವ ಮೊದಲೇ ಎಲ್ಲರೂ ಊಟ ಮುಗಿಸಿ, ಕಾರಿನಲ್ಲಿ ಕೂತು ತಂಪು ಕುಡಿದರು.

ಬೈರಯ್ಯ ಕೋಣೆಗೆ ಹೋಗಿ ಬಟ್ಟೆ ಗಂಟು ಕಟ್ಟತೊಡಗಿದ್ದ. ಶಾಂತರಾಜಯ್ಯನವರು ಬಾಗಿಲಲ್ಲಿ ನಿಂತರು.

"ಎಲ್ಲಿಗೆ?"

"ದುದ್ದಕ್ಕೆ ಸಾವ್ಕಾರ್ರೇ. ಸುಳ್ಳೇಳಿ ಸೇರ್ಕೊಂಡಿದ್ದೆ."

"ನಿನ್ನ ಹೊಳೆ, ನಿನ್ನ ಚಿರತೆ ನಂಬಿ ನಿನ್ನ ಇಟ್ಕೊಂಡೆ ಅಂದ್ಕೊಂಡಿದ್ಯಾ? ಊರಿಗೆಲ್ಲ ನಗೋಕೆ ಒಬ್ಬ ಬೇಕಿತ್ತು, ಇಟ್ಕೊಂಡೆ. ಕೆಲಸಕ್ಕೆ ಆಗೋ ಮನುಷ್ಯ ಅಂತ ಮೊನ್ನೆ ಗೊತ್ತಾಯ್ತು, ಲಾಟೀನು ಆರಿಸಿದಾಗ." ಅವರು ಗಂಟಿನ ಕಡೆ ನೋಡಿದರು. "ಬಿಚ್ಚು ಅದನ್ನ. ಅದರಲ್ಲಿ ಗ್ಯಾಸಿಲ್ಲ ತಾನೆ?"

ಈಗ ಓದುತ್ತಿರುವ ತಾವು, ಓದಿಸಿಕೊಂಡು ಕೇಳುತ್ತಿರುವ ತಾವು, ನಿಮ್ಮ ಮನೆಯಲ್ಲೂ ಕಾರಿರಬಹುದು. ಅದು ತಂಪು ಕೊಡದ ದಿನ ಬಂದೇ ಬರುತ್ತದೆ. ಬೆಲ್ಟು ಸಡಿಲವಾಗಿದೆಯೇ ನೋಡುವುದಾದರೆ ಇಂಜಿನ್ ಆರಿಸಿ ನೋಡಿ. ಜಾಲರಿಗೆ ಕಟ್ಟಿದ ಧೂಳು, ತರಗೆಲೆ ತೆಗೆಯಿರಿ. ಅದು ನಿಮ್ಮ ಕೆಲಸ, ಧೈರ್ಯವಾಗಿ ಮಾಡಿ. ಆದರೆ ಗ್ಯಾಸಿನ ಕೊಳವೆಯ ನಟ್ಟನ್ನು ಮಾತ್ರ ಮುಟ್ಟಬೇಡಿ. ತಂಪು ಬರುತ್ತಿಲ್ಲ ಎಂದರೆ ಗ್ಯಾಸು ಖಾಲಿ ಎಂದಲ್ಲ. ಒಳಗೆ ಇದೆಯೋ ಇಲ್ಲವೋ ಹೇಳುವುದು ಮೀಟರು, ನಿಮ್ಮ ಕಿವಿಯಲ್ಲ. ಮೀಟರು ಇರುವವರನ್ನು ಕರೆಸಿ. ಅಂದು ಚಿಕ್ಕಯ್ಯ ಗ್ಯಾಸನ್ನು ಬಯಲಿಗೆ ಬಿಟ್ಟ, ಆ ಕಾಲಕ್ಕೆ ಅಷ್ಟೇ ಗೊತ್ತಿತ್ತು. ಅದು ಆಕಾಶಕ್ಕೂ ಕೇಡು ಎಂದು ನಮಗೆ ಗೊತ್ತಾಗಿದೆ. ಹಾಗಾಗಿ ಇಂದು ಅದನ್ನು ಯಂತ್ರದಲ್ಲಿ ಹಿಡಿದಿಡುವವರ ಕೈಗೇ ಕೊಡಿ. ಮುಚ್ಚಿದ ಕೊಟ್ಟಿಗೆಯಲ್ಲಿ ಗ್ಯಾಸು ಬಿಚ್ಚುವುದೂ ಬೇಡ, ಇಂಜಿನ್ ಓಡಿಸುವುದೂ ಬೇಡ, ಎರಡೂ ಉಸಿರು ಕಟ್ಟಿಸುತ್ತವೆ. ಅಕಸ್ಮಾತ್ ಗ್ಯಾಸು ಮೈಗೆ ಹಾರಿದರೆ ತಿಕ್ಕಬೇಡಿ, ಬೆಂಕಿಗೆ ಹಿಡಿಯಬೇಡಿ. ತಾಗಿದ ಜಾಗವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಳಿಬಿಟ್ಟು ಆಸ್ಪತ್ರೆಗೆ ನಡೆಯಿರಿ. ಕಣ್ಣಿಗೆ ಹಾರಿದರೆ ಶುದ್ಧ ನೀರು ಹಾಕುತ್ತಲೇ ಇರಿ, ಆಮೇಲೆ ಆಸ್ಪತ್ರೆಗೆ ಹೋಗಲು ಒಂದು ಗಳಿಗೆಯೂ ಕಾಯಬೇಡಿ. ಕಾರು ಇನ್ನೊಂದು ಸಿಗುತ್ತದೆ, ಗುಜರಿಯಲ್ಲಿ ಕಣ್ಣು ಸಿಗುವುದಿಲ್ಲ.

ಮಾತು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊಳೆಯ ಸಂಗತಿ ಒಂದು ಉಳಿದಿದೆ.

ಮೂರನೆಯ ದಿನ ಬೆಳಗ್ಗೆ ಕಾರು ಅರಕಲಗೂಡಿಗೆ ಹೊರಟಿತು. ಹಿಂದಿನ ಸೀಟಿನಲ್ಲಿ ರಾಜೀಮತಿ, ಜ್ವಾಲಾಮಾಲಿನಿ. ಒಳಗೆ ಎಷ್ಟು ತಂಪೆಂದರೆ ಒಂದು ನೊಣ ಬೈರಯ್ಯನ ಟವೆಲ್ಲಿನೊಳಗೆ ಹೊಕ್ಕು ಹೊದ್ದು ಮಲಗಿತು. ಹೊಳೆನರಸೀಪುರದ ಸೇತುವೆ ಬಂದಾಗ ರಾಜೀಮತಿ, "ಸ್ವಲ್ಪ ನಿಲ್ಸಿ ಬೈರಯ್ಯ," ಅಂದಳು. ಗಾಜನ್ನು ನಾಲ್ಕು ಬೆರಳು ಇಳಿಸಿ ಕೆಳಗೆ ನೋಡಿದಳು. ಹೇಮಾವತಿ ಬಂಡೆಗಳ ನಡುವೆ ಬೇಸಿಗೆಗೆ ತಕ್ಕಷ್ಟು ತೆಳ್ಳಗೆ, ತನ್ನ ಪಾಡಿಗೆ ಹರಿಯುತ್ತಿತ್ತು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು.

"ಗಾಜು ಇಳಿಸಿದೀನಿ," ಅಂದಳು ರಾಜೀಮತಿ. "ಇನ್ನೂ ಎಷ್ಟು ಹೊತ್ತು ಕಾಯ್ಬೇಕು?"

ಜ್ವಾಲಾಮಾಲಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬೈರಯ್ಯ ಸ್ಟೀರಿಂಗ್ ಮೇಲಿದ್ದ ತನ್ನ ಬಲಗೈಯನ್ನು ನೋಡಿದ. ಈಗ ಅದನ್ನು ಯಾರಿಂದಲೂ ಬಚ್ಚಿಡಬೇಕಾಗಿರಲಿಲ್ಲ.

"ಅವತ್ತು ಹೊಳೆ ಹೆಪ್ಪುಗಟ್ನಿಲ್ಲ ಕಣವ್ವ," ಅಂದ. "ಈ ಕೈ ಒಂದೇ ಹೆಪ್ಪುಗಟ್ಟಿದ್ದು."